ಮೀನಿನ ತೊಟ್ಟಿಗೆ ಇಬ್ಬರು ಯಜಮಾನರು

ಹಜಾರದ ಗಾಜಿನ ತೊಟ್ಟಿಯಲ್ಲಿ ಮೀನುಗಳು ಮಾವನವು, ಗಿಡಗಳು ಸೊಸೆಯವು. ರೈಲಿನ ಇಂಜಿನ್ ಓಡಿಸಿ ನಿವೃತ್ತನಾಗಿದ್ದ ಮುದುಕ, ಅವಳು ನೀರಿನೊಳಗೆ ಬೆಳೆಯುವ ಗಿಡ ತಂದು ನೆಟ್ಟ ದಿನವೇ ಮೂಗು ಮುರಿದಿದ್ದ. ಗಿಡಗಳು ಏಳಲಿಲ್ಲ. ಎಲೆಗಳು ತೂತು ಬಿದ್ದು, ಅಂಚಿಗೆ ಪಾಚಿ ಹತ್ತಿ, ಕೊಳೆತು ತೇಲಿದವು. ಅವನ್ನು ಜಾಲರಿಯಲ್ಲಿ ಎತ್ತಿ ಅವಳ ಕಣ್ಣೆದುರೇ ಕಸದ ಬುಟ್ಟಿಗೆ ಹಾಕುವುದೆಂದರೆ ಅವನಿಗೆ ಖುಷಿಯೋ ಖುಷಿ.

ಸೊಸೆ ಕೃತಕ ಹಲ್ಲು ತಯಾರಿಸುವ ಕಡೆ ಕೆಲಸಕ್ಕಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದ ಕೈ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಸಾಲುತ್ತಿಲ್ಲವೆಂದು ಓದಿ ತಿಳಿದು, ಒಂದು ರಜೆಯ ದಿನ ಪುಟ್ಟ ಸಿಲಿಂಡರ್ ತಂದಳು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಫಿಲ್ಟರ್ ಇತ್ತು. ಅದರೊಳಕ್ಕೆ ನೀರೆಳೆಯುವ ಪೈಪನ್ನು ಕತ್ತರಿಸಿ, ನಡುವೆ ಮೂರು ಬಾಯಿಯ ಜೋಡಣೆ ಕೂರಿಸಿ, ಗ್ಯಾಸಿನ ಸಣ್ಣ ನಳಿಗೆಯನ್ನು ಸೇರಿಸಿದಳು. ಗುಳ್ಳೆಗಳು ಫಿಲ್ಟರಿನ ಮೋಟರಿಗೆ ಸಿಕ್ಕಿ ಪುಡಿಪುಡಿಯಾಗಿ ನೀರಲ್ಲಿ ಕರಗಬೇಕು. ಒಳಗಾಜಿಗೆ ಬಣ್ಣದ ದ್ರವ ತುಂಬಿದ ಪುಟ್ಟ ಗಾಜಿನ ಬುರುಡೆಯೊಂದನ್ನು ಅಂಟಿಸಿದಳು. ಅದರ ದ್ರವ ನೀಲಿಯಿದ್ದರೆ ಗ್ಯಾಸ್ ಸಾಲದು, ಹಸಿರಾದರೆ ಸರಿ, ಹಳದಿಯಾದರೆ ಮೀನಿಗೆ ಅಪಾಯ.

"ಮೀನಿಗೆ ವಿಷ ಕುಡಿಸ್ತಿದ್ದಾಳೆ ನಿನ್ನ ಹೆಂಡ್ತಿ," ಎಂದ ಮಾವ. ಅವಳು ಪಕ್ಕದಲ್ಲೇ ಇದ್ದರೂ ಮಾತು ಮಗನಿಗೆ.

"ಸೋಡಾದಲ್ಲಿ ಇರೋದೂ ಅದೇ ಗ್ಯಾಸು ಕಣಪ್ಪಾ," ಎಂದ ಮಗ.

"ಹಾಗಾದ್ರೆ ಸೋಡಾದೊಳಗೆ ತಲೆ ಮುಳುಗಿಸಿ ಉಸಿರಾಡು, ನೋಡೋಣ."

ಮಗ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ. ಅವನು ಯಾವಾಗಲೂ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ತೊಟ್ಟಿಯ ದೀಪದ ಜೊತೆ ಗ್ಯಾಸೂ ತಾನಾಗಿಯೇ ಶುರುವಾಗುತ್ತಿತ್ತು. ಸಂಜೆ ಬಂದು ನೋಡಿದರೆ ಬುರುಡೆ ಅದೇ ನೀಲಿ. ಗ್ಯಾಸ್ ಹೆಚ್ಚಲೆಂದು ಸಿಲಿಂಡರಿನ ತಿರುಪನ್ನು ಸ್ವಲ್ಪ ಸಡಿಲಿಸಿದಳು. ಮರುದಿನವೂ ನೀಲಿ. ಸೋಪಿನ ನೀರು ಹಚ್ಚಿ ನೋಡಿದಳು; ಎಲ್ಲೂ ಸೋರಿಕೆ ಇರಲಿಲ್ಲ.

"ನಿನ್ನ ಕೈಲಿ ಆಗಲ್ಲಮ್ಮ, ಬಿಟ್ಬಿಡು," ಎಂದು ಮಾವ ಸೋಫಾದಲ್ಲಿ ಕೂತು ನಕ್ಕ.

ಆ ನಗು ಅವಳ ಮೈ ಉರಿಸಿತು. ಇಷ್ಟು ಬೇಡವೆಂದು ಒಳಮನಸ್ಸು ಹೇಳುತ್ತಿದ್ದರೂ ತಿರುಪನ್ನು ಇನ್ನಷ್ಟು ತಿರುಗಿಸಿದಳು.

ಮರುದಿನ ಕೆಲಸದ ಕಡೆ ಹಲ್ಲು ಸುಡುವ ಕುಲುಮೆ ಕೆಟ್ಟಿತೆಂದು ಮಧ್ಯಾಹ್ನವೇ ಮನೆಗೆ ಬಂದಳು. ಮಾವ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದ. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ಬುರುಡೆ ನಿಂಬೆಹಣ್ಣಿನಂತೆ ಹಳದಿಯಾಗಿತ್ತು.

ಚೀಲವನ್ನು ಅಲ್ಲೇ ಎಸೆದು ಗ್ಯಾಸ್ ನಿಲ್ಲಿಸಿದಳು. ನೀರಿಗೆ ಗಾಳಿ ಊದುವ ಮಾವನ ಹಳೆಯ ಪಂಪು ನೆನಪಾಗಿ ಅವನ ಕೋಣೆಗೆ ಓಡಿದಳು. ಅದು ಕಿಟಕಿಯ ಪರದೆಯ ಹಿಂದೆ, ಮಡಿಸಿದ ಟವಲಿನ ಮೇಲಿತ್ತು. ಟವಲು ಇನ್ನೂ ತೇವವಾಗಿತ್ತು. ಅದರ ನಳಿಗೆಯ ತುದಿಯಲ್ಲಿದ್ದ, ಗಾಳಿಗುಳ್ಳೆ ಬಿಡುವ ಕಲ್ಲಿಗೆ ಅವಳದೇ ಗಿಡದ ಹಸಿರೆಲೆಯ ಚೂರು ಅಂಟಿಕೊಂಡಿತ್ತು.

ಅವಳಿಗೆ ಎಲ್ಲ ಅರ್ಥವಾಯಿತು. ಅವಳು ಹೊಸಿಲು ದಾಟುತ್ತಲೇ ಮಾವ ಇದನ್ನು ತೊಟ್ಟಿಗೆ ಇಳಿಬಿಟ್ಟು, ಬರುವ ಹೊತ್ತಿಗೆ ಎತ್ತಿಡುತ್ತಿದ್ದ. ಹಗಲಿಡೀ ಆ ಗಾಳಿಯ ಹೊಡೆತಕ್ಕೆ ಅವಳ ಗ್ಯಾಸೆಲ್ಲ ನೀರು ಬಿಟ್ಟು ಹಾರಿಹೋಗುತ್ತಿತ್ತು.

ಪಂಪು ಹಚ್ಚಿ, ಬಕೆಟ್ಟುಗಟ್ಟಲೆ ನೀರು ಬದಲಿಸಿದಳು. ಒಂದೊಂದಾಗಿ ಮೀನುಗಳು ಕೆಳಗಿಳಿದವು. ಮಾವನ ಬೆರಳಿನಿಂದಲೇ ಆಹಾರ ತಿನ್ನುತ್ತಿದ್ದ, ಅಗಲ ರೆಕ್ಕೆಯ ದೊಡ್ಡ ಮುದಿ ಮೀನು ಮಾತ್ರ ಮಗ್ಗುಲಾಗಿಯೇ ಉಳಿಯಿತು.

ಮಾವ ಬಂದಾಗ ಕಣ್ಣಿಗೆ ಹಾಕಿದ ಔಷಧಿಯಿಂದ ಅವನಿಗೆ ಎಲ್ಲವೂ ಮಂಜುಮಂಜು. ಮೂಗನ್ನು ಗಾಜಿಗೆ ಒತ್ತಿ ಹುಡುಕಿದ.

"ದೊಡ್ಡದೆಲ್ಲಿ?"

ಅವಳು ಸತ್ತ ಮೀನಿದ್ದ ಬಟ್ಟಲನ್ನು ಅವನ ಕೈಗಿಟ್ಟಳು. ಅವನು ಬೆರಳಿನಿಂದ ಮೀನನ್ನು ಮುಟ್ಟಿ ನೋಡಿದ.

"ಕೊಂದ್ಯಲ್ಲೇ."

"ನೀವೂ ಸೇರಿ ಮಾವ. ದಿನಾ ಗಾಳಿ ಬಿಟ್ಟು ಗ್ಯಾಸ್ ಓಡಿಸಿದ್ರಿ. ಸಾಲ್ತಿಲ್ಲ ಅಂತ ನಾನು ಹೆಚ್ಚಿಸ್ತಾ ಹೋದೆ. ಇವತ್ತು ಗಾಳಿ ಬಿಡೋಕೆ ನೀವಿರ್ಲಿಲ್ಲ."

"ನನ್ನ ಮೀನು ನಾನು ಕಾಪಾಡ್ಕೊಂಡೆ."

"ಕಾಪಾಡೋರು ಬಾಯಿಬಿಟ್ಟು ಹೇಳ್ತಾರೆ. ಯಾಕೆ ಹೇಳ್ಲಿಲ್ಲ?"

"ನೀನು ಸೋತು ಕೂತ್ಕೊಳ್ಳೋದನ್ನ ನೋಡ್ಬೇಕಿತ್ತು," ಎಂದ ಮುದುಕ, ಒಂದಿಷ್ಟೂ ನಾಚದೆ.

ಕೊನೆಯ ಸಲ ತಿರುಪು ತಿರುಗಿಸುವಾಗ ಅವಳಿಗೆ ಮೀನಿನ ನೆನಪಾಗಲಿ ಗಿಡದ ನೆನಪಾಗಲಿ ಇರಲಿಲ್ಲ. ಇದ್ದದ್ದು ಈ ಮುದುಕನ ನಗು ಒಂದೇ.

ಆ ವಾರವೇ ಮಾವ ತನ್ನ ಕೋಣೆಯಲ್ಲಿ ಬೇರೆ ತೊಟ್ಟಿ ಇಟ್ಟುಕೊಂಡ. ಮಗ ಬಕೆಟ್ಟಿನಲ್ಲಿ ಮೀನುಗಳನ್ನು ಅಲ್ಲಿಗೆ ಹೊತ್ತ. ಹಜಾರದಲ್ಲಿ ಈಗ ಬುರುಡೆ ಹಸಿರಿಗೆ ತಿರುಗಿ ನಿಂತಿತು. ಗಿಡಗಳು ಪೊದೆಗಟ್ಟಿ ಎಲೆಯಂಚಿನಲ್ಲೆಲ್ಲ ಬೆಳ್ಳಿಯ ಗುಳ್ಳೆ ಹೊತ್ತವು. ಬಂದವರು ಬಾಯ್ತುಂಬ ಹೊಗಳಿ, "ಮೀನೆಲ್ಲಿ?" ಎಂದು ಕೇಳುತ್ತಿದ್ದರು. ಅವಳು ಒಳಗೆ ಎದ್ದು ಹೋಗುತ್ತಿದ್ದಳು.

ಒಂದು ಸಂಜೆ ಮಾವನ ಬಾಗಿಲು ಅರ್ಧ ತೆರೆದಿತ್ತು. ಅವನ ತೊಟ್ಟಿಯ ಗಾಜಿಗೆ ಪಾಚಿ ದಪ್ಪಗೆ ಕಟ್ಟಿ, ಮೀನುಗಳು ನೆರಳಿನ ಹಾಗೆ ಕಾಣುತ್ತಿದ್ದವು. ಅವನು ಉಗುರಿನಿಂದ ಗಾಜು ಕೆರೆಯುತ್ತಿದ್ದ. ಅವಳು ಹೊಸಿಲಲ್ಲಿ ನಿಂತಳು.

"ಉಜ್ಜಿ ಕೊಡ್ಲಾ?"

ಅವನು ತಿರುಗಲಿಲ್ಲ.

"ಬಾಗ್ಲು ಮುಚ್ಕೊಂಡು ಹೋಗು."

ಅವಳು ಬಾಗಿಲನ್ನು ಎಳೆದುಕೊಂಡಳು. ಮನೆಯೆಲ್ಲ ಕೇಳುವಷ್ಟು ಜೋರಾಗಿ.