ಒಯ್ಯಾರದ ಬೆರಳು

ಕಿಸಾನ್ ಸಹಾಯಧನಕ್ಕೆ ಹೆಬ್ಬೆಟ್ಟು ಒತ್ತಲು ಅತ್ತೆಯೊಂದಿಗೆ ಕಂದಿಕೆರೆಯ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಇಪ್ಪತ್ತು ವರ್ಷ ಉಂಡೆ ಕೊಬ್ಬರಿ ಹೆರೆದು ನನ್ನ ಬೆರಳ ಗೆರೆಗಳೆಲ್ಲ ಸವೆದುಹೋಗಿವೆ. ಒಂಬತ್ತು ಬೆರಳಿಟ್ಟರೂ ಯಂತ್ರ ಒಪ್ಪಲಿಲ್ಲ.

"ಬಲಗೈ ಕಿರುಬೆರಳು ಒಂದು ಉಳೀತು, ಇಡಿ ಅಕ್ಕ," ಎಂದಳು ಅಂಗಡಿಯ ಭಾನುಪ್ರಿಯಾ.

ಇಟ್ಟೆ. ಹಸಿರು ದೀಪ ಹತ್ತಿತು!

ಹೆರೆಯುವಾಗ ಆ ಬೆರಳನ್ನು ಮೇಲೆತ್ತಿಕೊಳ್ಳುವುದು ಮದುವೆಯಾಗಿ ಬಂದಾಗಿನಿಂದ ನನ್ನ ಅಭ್ಯಾಸ. ಅದಕ್ಕೆ ಕೊಬ್ಬರಿ ತಾಗಿದ್ದೇ ಇಲ್ಲ. "ಏನ್ ಒಯ್ಯಾರ ಕಣೇ ನಿಂದು!" ಎಂದು ಅತ್ತೆ ಅಷ್ಟೂ ವರ್ಷ ಆಡಿಕೊಂಡಿದ್ದರು.

ದಾರಿಯುದ್ದಕ್ಕೂ ನಾನು ಕಿರುಬೆರಳು ಎತ್ತಿಕೊಂಡೇ ನಡೆದೆ. ಅತ್ತೆ ಓರೆಗಣ್ಣಲ್ಲಿ ಅದನ್ನೇ ನೋಡುತ್ತಾ ಬಂದರು.

ಮರುದಿನ ಕೊಬ್ಬರಿ ಹೆರೆಯಲು ಕೂತಾಗ ನೋಡಿದರೆ, ಅವರ ಕಿರುಬೆರಳೂ ಮೇಲೆದ್ದಿದೆ!

"ನಗಬ್ಯಾಡ ಕಣೇ, ನಂಗೂ ಪೆನ್ಷನ್ ಬರ್ಬೇಕು," ಎಂದರು.