ಲಾಂತೇರಿ ಮನೆಯ ಕಾವು

ಕೊನೆಯ ಓಕ್ ಕೊರಡನ್ನು ಊರಿನ ರೊಟ್ಟಿಭಟ್ಟಿಯ ಬಾಯೊಳಗೆ ನೂಕಿ ಒರ್ತೆನ್ಸಿಯಾ ಲಾಂತೇರಿ ಸೊಂಟ ನೇರ ಮಾಡುವ ಹೊತ್ತಿಗೆ, ಭಟ್ಟಿಯ ಉಸ್ತುವಾರಿಯ ಬಸ್ತಿಯಾನ್ ಮುದುಕ ಗುರುತುಗಲ್ಲುಗಳ ಚೀಲ ಹಿಡಿದು ಕಮಾನಿನ ಓಣಿಯಿಂದ ಇಳಿದು ಬಂದ. ಹೊಗೆ ಕಂಡು ಅಲ್ಲೇ ನಿಂತ.

"ಯಾರನ್ನ ಕೇಳಿ ಹಚ್ಚಿದೆ?"

"ಸೌದೆ ನಂದು, ಬೆನ್ನು ನಂದು, ಮಾವ. ಹೊತ್ತು ತಂದೆ, ಹಚ್ಚಿದೆ."

"ಚೀಲದಲ್ಲಿ ನಿನ್ನ ಮನೆ ಕಲ್ಲೇ ಇಲ್ಲ."

"ಗೊತ್ತು. ತೆಗೆದೋರು ನೀವೇ ತಾನೆ?"

ರೊಕ್ಕನೇರ ಎಂಬ ಆ ಗಡಿಯೂರಿನ ಕೋಟೆಗೋಡೆಯಷ್ಟೇ ಹಳೆಯದಾದ ಆ ಭಟ್ಟಿ ಉರಿಯುತ್ತಿದ್ದುದು ವರ್ಷಕ್ಕೆರಡೇ ಸಲ. ಆಗ ಸುಟ್ಟ ರೈ ಕಾಳಿನ ಹಿಟ್ಟಿನ ರೊಟ್ಟಿಯನ್ನು ಅಟ್ಟದಲ್ಲಿ ಒಣಗಿಸಿಟ್ಟು ಆರು ತಿಂಗಳು ತಿನ್ನಬೇಕು. ಮನೆಗೊಂದು ಗುರುತುಗಲ್ಲು, ಯಾರ ಕಲ್ಲು ಮೊದಲು ಕೈಗೆ ಬರುತ್ತದೋ ಅವರು ತಮ್ಮ ಸೌದೆ ಸುರಿದು ತಣ್ಣಗಿನ ಭಟ್ಟಿಯನ್ನು ಕಾಯಿಸಬೇಕು. ಆಮೇಲಿನವರು ತಮಗಿಂತ ಮೊದಲಿನ ಮನೆಯ ಹೆಸರೆತ್ತಿ ಕಾವು ಬೇಡಿ ಪಡೆಯಬೇಕು. ಚೀಲದಿಂದ ಕಲ್ಲನ್ನೇ ತೆಗೆದುಹಾಕುವುದು ವಂಶ ಅಳಿದ ಮನೆಯದನ್ನು ಮಾತ್ರ.

ಒರ್ತೆನ್ಸಿಯಾ ಬದುಕಿದ್ದಳು. ಯುದ್ಧ ಮುಗಿದ ಮೇಲೆ ಗಡಿ ಅಳೆಯಲು ಬಂದವರಿಗೆ ಸೂಪು ಬಡಿಸಿದ್ದಳು; ನೀರೆಲ್ಲಿದೆ ಎಂದಾಗ ಕಾಡಂಚಿನ ಒರತೆ ತೋರಿಸಿದ್ದಳು. ಸೆಪ್ಟೆಂಬರಿನಲ್ಲಿ ಗಡಿಗೆರೆ ಆ ಒರತೆಯ ಮೇಲೆಯೇ ಹಾದು, ಊರು ಈಚೆ ಉಳಿದು, ಊರಿನ ಕಾಡು ಪೂರಾ ಫ್ರಾನ್ಸಿಗೆ ಸೇರಿತು. ತಪ್ಪು ಅವಳದೇ ಎಂದಿತು ಊರು; ಅಂದಿನಿಂದ ಅವಳ ಹೆಸರನ್ನು ಯಾರೂ ನಾಲಿಗೆಗೆ ತಂದಿರಲಿಲ್ಲ.

ಹೆಂಗಸರು ತಲೆಯ ಮೇಲೆ ಹಿಟ್ಟಿನ ಮುದ್ದೆಗಳ ಹಲಗೆ ಹೊತ್ತು ಬಂದರು. ಬಸ್ತಿಯಾನ್ ಚೀಲಕ್ಕೆ ಕೈಹಾಕಿದ. ಅವರಲ್ಲೊಬ್ಬಳಾದ ಪೆಲೀನಾಳ ಕಲ್ಲು ಬಂತು.

"ನನ್ನ ಸೌದೆ ಗೆರೆಯಾಚೆ ಬಿದ್ದಿದೆ, ಬಂದೂಕಿನೋರು ಕಾಯ್ತಾ ಕೂತಿದಾರೆ," ಎಂದಳು ಪೆಲೀನಾ. "ಇನ್ನೊಂದು ಕಲ್ಲು ತೆಗಿ."

ಯಾವ ಕಲ್ಲು ತೆಗೆದರೂ ಅದೇ ಪಾಡು. ಕಡಿದ ಸೌದೆಯನ್ನು ಭಟ್ಟಿಯ ದಿನದವರೆಗೆ ಕಾಡಿನಲ್ಲೇ ಒಣಗಲು ಬಿಡುವುದು ಅಲ್ಲಿಯ ರೂಢಿ. ಒಂಟಿ ವಿಧವೆ ಒರ್ತೆನ್ಸಿಯಾ ಒಮ್ಮೆಗೇ ಹೊರಲಾಗದೆ, ಬೇಸಿಗೆಯಿಡೀ ದಿನಕ್ಕಿಷ್ಟರಂತೆ ಮನೆಗೆ ಸಾಗಿಸಿದ್ದಳು.

"ಸತ್ತ ಮನೆ ಬೆಂಕಿ ನಮಗೆ ಬೇಡ. ಎಳೆದು ಹೊರಗೆ ಹಾಕಿ!" ಎಂದು ಸಾಲಿನಿಂದ ಒಬ್ಬಳು ಕೂಗಿದಳು.

"ಎಳೆದು? ಆಮೇಲೆ ಏನು ಉರಿಸ್ತೀಯೆ, ನಿನ್ನ ಬಾಯಿನಾ?" ಎಂದ ಬಸ್ತಿಯಾನ್.

ಒರ್ತೆನ್ಸಿಯಾ ಕೆಂಡ ಬದಿಗೆ ಸರಿಸಿ, ಬೂದಿ ಗುಡಿಸಿ, ತನ್ನ ಹದಿನಾರು ರೊಟ್ಟಿ ಒಳಗಿಟ್ಟು ಬಾಗಿಲು ಮುಚ್ಚಿದಳು. ಬೇಯಲು ಒಂದು ಗಂಟೆ ಹಿಡಿಯಿತು. ಹಲಗೆಗಳ ಮೇಲೆ ಹಿಟ್ಟು ಉಬ್ಬುತ್ತಲೇ ಇತ್ತು. ಪೆಲೀನಾ ಅಂಚಿನಿಂದ ಜಾರುತ್ತಿದ್ದ ಮುದ್ದೆಯನ್ನು ಅಂಗೈಯಿಂದ ಮತ್ತೆಮತ್ತೆ ಒಳಗೆ ತಳ್ಳುತ್ತಿದ್ದಳು. ಮನೆಯಲ್ಲಿ ಇದ್ದ ಹಿಟ್ಟೆಲ್ಲ ಅದೇ.

ರೊಟ್ಟಿ ಹೊರಬಂದವು. ಮೊದಲ ಕಾವಿನ ರೊಟ್ಟಿ, ತಳ ಕರಿಯಾಗಿತ್ತು. ಅವನ್ನು ಹಲಗೆಗೆ ಜೋಡಿಸಿದ ಮೇಲೂ ಒರ್ತೆನ್ಸಿಯಾ ಭಟ್ಟಿಯ ಬಾಯಿ ಬಿಟ್ಟು ಕದಲಲಿಲ್ಲ.

"ಜರುಗು," ಎಂದಳು ಪೆಲೀನಾ.

"ಹಾಗೆ ಕೇಳೋದಾ ಅಕ್ಕ? ನಿಮ್ಮಮ್ಮ ಹೇಳಿಕೊಟ್ಟಿಲ್ವಾ?"

ಪೆಲೀನಾ ಬಸ್ತಿಯಾನನತ್ತ ನೋಡಿದಳು. ಅವನು ಚೀಲದ ದಾರ ಬಿಗಿಯುತ್ತ ಗೋಡೆಯ ಕಡೆ ತಿರುಗಿದ.

"ಲಾಂತೇರಿ ಮನೆಯೋರೇ, ಕಾವು ಕೊಡಿ," ಎಂದಳು, ಹಲ್ಲು ಕಚ್ಚಿ.

"ಜೋರಾಗಿ ಹೇಳಕ್ಕ. ಸತ್ತೋರಿಗೆ ಕಿವಿ ಮಂದ."

"ಲಾಂತೇರಿ ಮನೆಯೋರೇ! ಕಾವು ಕೊಡಿ!"

ಕೂಗು ಕಮಾನುಗಳ ಕೆಳಗೆ ಹಾದು ಮೇಲಿನ ಓಣಿಯವರೆಗೂ ಹೋಯಿತು. ಅಲ್ಲೊಂದು ಕಿಟಕಿ ಮುಚ್ಚಿದ ಸದ್ದಾಯಿತು.

ಒರ್ತೆನ್ಸಿಯಾ ಒಂದು ಹೆಜ್ಜೆ ಸರಿದು, ಹಲಗೆಯನ್ನು ತಲೆಗೇರಿಸಿ ಮೆಟ್ಟಿಲು ಹತ್ತತೊಡಗಿದಳು. ಓಣಿ ಕಿರಿದು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಅವಳಿಗೆ ತಾಗದಂತೆ ಒಬ್ಬೊಬ್ಬರಾಗಿ ಲಂಗ ಒತ್ತಿ ಹಿಡಿದು, ಬೆನ್ನನ್ನು ಗೋಡೆಗೆ ಆನಿಸಿ ದಾರಿ ಬಿಟ್ಟರು.