ಮಾದರಿಗೊಂದು ಹಾಡು

ಇಂದ್ರಾಣಿಯ ಪಿಎಚ್.ಡಿ. ಅರ್ಜಿಗೆ ಒಂದೇ ಒಂದು ಹಾಡು ಬಾಕಿಯಿತ್ತು.

ಟಿ. ನರಸೀಪುರದ ಕಾಲೇಜೊಂದರಲ್ಲಿ ಅವಳು ಅತಿಥಿ ಉಪನ್ಯಾಸಕಿ. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಓಡಾಟ. ವರ್ಷ ವರ್ಷವೂ ಈ ಸಲ ಕರೆಯುತ್ತಾರೋ ಇಲ್ಲವೋ ಎಂಬ ದಿಗಿಲು. ಡಾಕ್ಟರೇಟ್ ಆದರೆ ಆ ದಿಗಿಲು ತಪ್ಪೀತೆಂದು ಅವಳ ಆಸೆ. ಹೆಣದ ಮುಂದೆ ಕೂತು ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಆ ಹಾಡುಗಳನ್ನೇ ವಿಷಯವಾಗಿ ಆರಿಸಿಕೊಂಡಿದ್ದಳು. ಮೈಸೂರಿನ ಗೈಡು ಸಿನಾಪ್ಸಿಸ್ ಓದಿ, “ವಿಷಯ ಚೆನ್ನಾಗಿದೆಯಮ್ಮಾ, ಆದರೆ ಎಲ್ಲಾ ಬೇರೆಯವರು ಸಂಗ್ರಹಿಸಿದ್ದು. ನೀವೇ ಕಿವಿಯಾರೆ ಕೇಳಿದ ಒಂದು ಪೂರ್ತಿ ಹಾಡು ಮಾದರಿಗೆ ಹಾಕಿ. ಇಲ್ಲದಿದ್ದರೆ ಇಂಟರ್‌ವ್ಯೂನಲ್ಲಿ ಬಿಡೋದಿಲ್ಲ” ಎಂದಿದ್ದರು. ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿತ್ತು.

ಅದೇ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಗೆಳತಿ ಶಾಂತಿ ಅವಳನ್ನು ಬನ್ನೂರಿನ ಹತ್ತಿರದ ತನ್ನ ಹಳ್ಳಿಗೆ ಕರೆದುಕೊಂಡು ಹೋದಳು. ಶಾಂತಿಯ ಸೋದರತ್ತೆ ಪುಟ್ಟಲಕ್ಷ್ಮಿ ಸಾವಿನ ಮನೆಯಲ್ಲಿ ಬಾಯಿ ತೆಗೆದರೆ ಕಲ್ಲೂ ಕರಗುತ್ತದೆಂದು ಆ ಸೀಮೆಯಲ್ಲೆಲ್ಲ ಹೆಸರು. ಮುದುಕಿ ಕಾಫಿ ಕೊಟ್ಟಳು, ನಕ್ಕು ಮಾತಾಡಿಸಿದಳು. ಹಾಡು ಮಾತ್ರ ಹೇಳಲಿಲ್ಲ.

“ಸಾವಿಲ್ದ ಮನೇಲಿ ಅದ ಆಡಬಾರ್ದು ಕಣವ್ವ. ಆಡುದ್ರೆ ಸಾವ ಕರ್ದಂಗೆ.”

“ಎರಡೇ ಸಾಲು ಸಾಕಜ್ಜಿ.”

“ಒಂದ್ಸಾಲೂ ಬ್ಯಾಡ. ಎಣ ಮುಂದಿಲ್ದೆ ನಂಗೆ ಬರೋದೂ ಇಲ್ಲ.”

ಒಳಗೆ ಮಂಚದ ಮೇಲೆ ಮಲಗಿದ್ದ ಶಾಂತಿಯ ಅಪ್ಪ ದೊಡ್ಡಸಿದ್ದಯ್ಯ ತಂಗಿಯ ಮಾತು ಕೇಳಿ ನಕ್ಕ. ಕಿಡ್ನಿ ಕೈಕೊಟ್ಟು ಅವನು ಹಾಸಿಗೆ ಹಿಡಿದಿದ್ದ. ಇಂದ್ರಾಣಿ ಹೊರಡುವಾಗ ನೋಡಿದಳು: ಊದಿದ ಕಾಲು, ಬಾಡಿದ ಮುಖ. ಥಟ್ಟನೆ ಒಂದು ಯೋಚನೆ ಬಂತು. ಬಂದಷ್ಟೇ ಬೇಗ ಅದನ್ನು ಒಳಗೆ ಅದುಮಿದಳು.

ಅದುಮಿದ್ದು ಹೋಗಲಿಲ್ಲ. ಆಮೇಲೆ ಅವಳು ಕಾಲೇಜು ಮುಗಿಸಿ ಶಾಂತಿಯ ಜೊತೆ ಆಗಾಗ ಹಳ್ಳಿಗೆ ಹೋಗತೊಡಗಿದಳು. ಸೇಬಿನ ಹಣ್ಣು ಒಯ್ಯುವಳು, ಮುದುಕನಿಗೆ ಪೇಪರ್ ಓದಿ ಹೇಳುವಳು. “ನನ್ನ ಸ್ವಂತ ಅಕ್ಕನೂ ಇಷ್ಟು ಬರಲಿಲ್ಲ ಕಣೇ” ಎಂದು ಶಾಂತಿ ಅವಳ ಕೈ ಹಿಡಿದಾಗ ಇಂದ್ರಾಣಿ ಬಸ್ಸಿನ ಕಿಟಕಿಯಾಚೆ ಗದ್ದೆ ನೋಡುತ್ತಾ ಕೂತಳು. ಮುದುಕನ ಮೇಲೆ ನಿಜವಾಗಿಯೂ ಅಕ್ಕರೆ ಹುಟ್ಟಿತ್ತು. ಅಕ್ಕರೆಯ ಪಕ್ಕದಲ್ಲೇ ಇನ್ನೊಂದು ಕಾಯುತ್ತಾ ಕೂತಿತ್ತು.

ತಿಂಗಳ ಕೊನೆಯ ವಾರ. ಸ್ಟಾಫ್ ರೂಮಿಗೆ ಶಾಂತಿ ಓಡೋಡಿ ಬಂದಳು. “ಅಪ್ಪ ಬೆಳಿಗ್ಗೆ ಎದ್ದು ಕೂತು ಅರ್ಧ ಮುದ್ದೆ ಉಂಡ್ರು ಕಣೇ! ಇನ್ನೊಂದೆರಡು ತಿಂಗಳು ಏನೂ ಭಯವಿಲ್ಲ ಅಂದ್ರು ಡಾಕ್ಟ್ರು.”

ಇಂದ್ರಾಣಿಯ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಯಿತು. “ಒಳ್ಳೇದಾಯ್ತು” ಎಂದಳು. ಅಂದು ಪಾಠ ಮಾಡುವಾಗ ಎರಡು ಸಲ ತಡವರಿಸಿದಳು.

ಡಾಕ್ಟರ ಮಾತು ಸುಳ್ಳಾಯಿತು. ಮೂರನೆಯ ದಿನ ಬೆಳಿಗ್ಗೆ ಶಾಂತಿಯ ಫೋನು. ಅಳು ಬಿಟ್ಟರೆ ಅದರಲ್ಲಿ ಮಾತೇ ಇರಲಿಲ್ಲ. ಇಂದ್ರಾಣಿ ಸೀರೆ ಉಟ್ಟುಕೊಂಡಳು. ಬಾಗಿಲು ದಾಟಿದವಳು ಒಳಗೆ ತಿರುಗಿ ಬಂದು ಫೋನನ್ನು ಚಾರ್ಜಿಗೆ ಹಾಕಿದಳು. ತುಂಬುವವರೆಗೆ ಕಾದಳು.

ಹಳ್ಳಿ ಮುಟ್ಟುವ ಹೊತ್ತಿಗೆ ಹೆಣವನ್ನು ಜಗಲಿಯ ಮೇಲೆ ಕೂರಿಸಿ ಹಾರ ಹಾಕಿದ್ದರು. ತಮಟೆ ಬಡಿಯುತ್ತಿತ್ತು. ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತು ಫೋನನ್ನು ಸೆರಗಿನ ಮರೆಯಲ್ಲಿಟ್ಟುಕೊಂಡಳು. ಈ ತಮಟೆಯೊಂದು ನಿಂತರೆ ಸಾಕು ಎಂದುಕೊಂಡಳು. ನಿಂತಿತು. ಪುಟ್ಟಲಕ್ಷ್ಮಿ ಅಣ್ಣನ ಮೊಣಕಾಲು ಹಿಡಿದು ತೂಗಾಡುತ್ತಾ ಶುರು ಮಾಡಿದಳು.

“ಎಗಲ ಮ್ಯಾಲೆ ಕೂರಿಸ್ಕಂಡು ನಾಲೆ ದಾಟ್ಸ್ದ ನನ್ನಣ್ಣ,
ನಾಕಾಳ ಎಗಲೇರಿ ಎಲ್ಲಿಗೊಂಟ್ಯೋ ನನ್ನಣ್ಣ...”

ಸುತ್ತ ಕೂತವರೆಲ್ಲ ಬಿಕ್ಕಿದರು. ಇಂದ್ರಾಣಿಗೂ ಕಣ್ಣು ತುಂಬಿತು. ಮುದುಕಿಯ ದನಿ ಕುಸಿಯಿತು. ಸಾಲು ಕೈತಪ್ಪೀತೆಂದು ಇಂದ್ರಾಣಿ ಸೆರಗಿನೊಳಗಿನ ಕೈಯನ್ನು ಮೆಲ್ಲಗೆ ಮುಂದೆ ಚಾಚಿದಳು. ತಲೆಯೆತ್ತಿದಾಗ ಎದುರಿಗೆ ಶಾಂತಿ. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಆ ಕೈಯನ್ನು ನೋಡುತ್ತಿದ್ದಳು.

ಮಣ್ಣು ಮುಗಿಸಿ ಬಂದ ಮೇಲೆ, ಬಚ್ಚಲ ಬಳಿ ಕಾಲು ತೊಳೆಯುತ್ತಿದ್ದ ಇಂದ್ರಾಣಿಯ ಹತ್ತಿರ ಶಾಂತಿ ಬಂದಳು.

“ಸರಿಯಾಗಿ ಬಂತಾ?”

“ಏನು?”

“ರೆಕಾರ್ಡಿಂಗು.”

ಇಂದ್ರಾಣಿ ತೊಳೆದ ಕಾಲಿಗೇ ಇನ್ನೊಮ್ಮೆ ನೀರು ಸುರಿದುಕೊಂಡಳು.

“ಬಂದಾಗಲೆಲ್ಲ ಹಣ್ಣು ತರ್ತಿದ್ದೆಯಲ್ಲ, ಅಪ್ಪ ನಿನ್ನ ದಾರಿ ಕಾಯ್ತಿದ್ರು” ಎಂದಳು ಶಾಂತಿ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀನೂ ಕಾಯ್ತಿದ್ದೆ, ಅಲ್ವಾ? ಹಾಕ್ಕೋ ಹೋಗು. ನಾಳೆ ತಾನೇ ಕೊನೇ ದಿನ.”

ಹಾಕಿದಳು. ಹಾಕಬಾರದೆಂದು ಇಡೀ ಬೆಳಿಗ್ಗೆ ಕೂತು, ಮಧ್ಯಾಹ್ನ ಹಾಡನ್ನು ಬರೆದಿಳಿಸಿ, ಸಂಜೆಗೆ ಅರ್ಜಿ ಸಲ್ಲಿಸಿದಳು. ಇಂಟರ್‌ವ್ಯೂನಲ್ಲಿ ಆ ಎರಡು ಸಾಲು ಓದಿದಾಗ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೀಟು ಸಿಕ್ಕಿತು. ಶಾಂತಿ ಸ್ಟಾಫ್ ರೂಮಿನಲ್ಲಿ ತನ್ನ ಕುರ್ಚಿಯನ್ನು ಆಚೆ ಮೂಲೆಗೆ ಎಳೆದುಕೊಂಡಳು; ಎದುರು ಸಿಕ್ಕರೆ “ನಮಸ್ಕಾರ ಮೇಡಂ” ಎನ್ನುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಇಂದ್ರಾಣಿ ಒಬ್ಬಳೇ ಆ ಹಳ್ಳಿಗೆ ಹೋದಳು. ಪುಟ್ಟಲಕ್ಷ್ಮಿಗೆ ಒಂದು ಸೀರೆ ಕೊಟ್ಟು, ಆದದ್ದನ್ನು ಹೇಳಿ ಕ್ಷಮೆ ಕೇಳಬೇಕೆಂದಿದ್ದಳು. ಮುದುಕಿ ಬಿಸಿಲಿಗೆ ಬೆನ್ನು ಕೊಟ್ಟು ಕೆಮ್ಮುತ್ತಾ ಕೂತಿದ್ದಳು. ಇಂದ್ರಾಣಿಯನ್ನು ಕಂಡದ್ದೇ ಕೆಮ್ಮನ್ನು ತಡೆದುಕೊಂಡು, ಸೆರಗನ್ನು ಬಾಯಿಗೊತ್ತಿಕೊಂಡಳು.

“ನಂಗೇನೂ ಆಗಿಲ್ಲ ಕಣವ್ವ,” ಎಂದಳು, “ಬರೀ ಕೆಮ್ಮು. ನೀ ಓಗವ್ವ.”